ಬಣ್ಣ ಹಚ್ಚಿದ ಬರಹಗಾರ ಮೊಲಿಯೇರ್

ನಾಟಕದ ಕಂಪನಿಗಳು ಊರೂರಿಗೆ ಬಂದು ಕ್ಯಾಂಪು ಹಾಕುತ್ತಿದ್ದ ಕಾಲದಲ್ಲಿ, ಆಟಕ್ಕೆ ಹೊರಟ ಜನ ಮೊದಲು ವಿಚಾರಿಸುತ್ತಿದ್ದುದು ರಾಜಾಪಾರ್ಟು ಯಾರದೆಂಬುದನ್ನು. ಆದರೆ ಬೆಳಗಿನ ಜಾವ ಮನೆಗೆ ಹಿಂದಿರುಗುವಾಗ ಅವರ ಬಾಯಲ್ಲಿರುತ್ತಿದ್ದುದು ಹಾಸ್ಯಗಾರನ ಮಾತು. ಗುಬ್ಬಿ ವೀರಣ್ಣನವರು ಕಂಪನಿಗೇ ಒಡೆಯರಾಗಿದ್ದರು. ಬೇಕೆಂದರೆ ಯಾವ ಕಿರೀಟವನ್ನಾದರೂ ತಾವೇ ಧರಿಸಬಹುದಾಗಿತ್ತು. ಆದರೂ ‘ಸದಾರಮೆ’ಯಲ್ಲಿ ಅವರು ಹಾಕಿದ್ದು ಕಳ್ಳನ ವೇಷ. ಜನ ಇಂದಿಗೂ ನೆನೆಯುವುದು ಆ ಕಳ್ಳನನ್ನೇ. ಹೀಗಿದ್ದೂ ನಮ್ಮಲ್ಲಿ ಹಾಸ್ಯಗಾರನಿಗೆ ಸಲ್ಲುತ್ತಿದ್ದ ಸ್ಥಾನ ವಿಚಿತ್ರವಾದುದು. ಅವನಿಗೆ ಚಪ್ಪಾಳೆ ಧಾರಾಳವಾಗಿ ಸಿಕ್ಕುತ್ತದೆ; ಮರ್ಯಾದೆ ಮಾತ್ರ ಎಣಿಸಿ ಎಣಿಸಿ ಸಿಕ್ಕುತ್ತದೆ. ಅಳಿಸಿದವನನ್ನು ನಾವು ದೊಡ್ಡವನೆನ್ನುತ್ತೇವೆ. ನಗಿಸಿದವನನ್ನು ‘ಬಹಳ ತಮಾಷೆಯ ಮನುಷ್ಯ’ ಎಂದು ಹೇಳಿ ಎದ್ದುಹೋಗುತ್ತೇವೆ.

ಈ ಅನ್ಯಾಯ ನಮ್ಮ ದೇಶದ್ದು ಮಾತ್ರವೆಂದು ನೀವು ತಿಳಿಯಬೇಕಾಗಿಲ್ಲ. ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದೆ, ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ಸಿನಲ್ಲಿ, ದೊರೆಯಿಂದ ಹಿಡಿದು ಅಂಗಡಿಯ ಆಳಿನವರೆಗೆ ಎಲ್ಲರನ್ನೂ ನಗಿಸಿದ ಒಬ್ಬ ನಟ ತೀರಿಕೊಂಡನು. ಅವನನ್ನು ಹೂಳಲು ನಾಲ್ಕು ದಿನ ಜಾಗ ದೊರೆಯಲಿಲ್ಲ. ಕೊನೆಗೆ ಕತ್ತಲಾದ ಮೇಲೆ, ಪಂಜಿನ ಬೆಳಕಿನಲ್ಲಿ, ಪೂಜೆಯ ಸಂಭ್ರಮವಿಲ್ಲದೆ ಅವನನ್ನು ಮಣ್ಣು ಮಾಡಿದರು. ಆ ನಟ ಬರಿಯ ನಟನಲ್ಲ. ತಾನು ಆಡಿದ ಆಟಗಳನ್ನು ತಾನೇ ಬರೆದವನು. ಫ್ರೆಂಚ್ ಭಾಷೆಯನ್ನು ಇಂದು ಜನ ‘ಮೊಲಿಯೇರನ ಭಾಷೆ’ ಎಂದು ಕರೆಯುತ್ತಾರೆ. ಅವನ ಜೀವನದ ಕಥೆಯನ್ನು, ಅದರಲ್ಲಿಯೂ ಮುಖ್ಯವಾಗಿ ಅವನ ಬರವಣಿಗೆಗೂ ಅವನ ವೇಷಕ್ಕೂ ಇದ್ದ ನಂಟನ್ನು, ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊಲಿಯೇರ್ ಎಂಬುದು ಅವನ ಹುಟ್ಟುಹೆಸರಲ್ಲ. ಅವನು ಝಾನ್ ಬಾಪ್ತಿಸ್ತ್ ಪೊಕ್ಲೆಂ. 1622ನೆಯ ಇಸವಿ ಜನವರಿ 15ರಂದು ಪ್ಯಾರಿಸ್ಸಿನ ಸಂತ ಯೂಸ್ತಾಷ್ ದೇವಾಲಯದಲ್ಲಿ ಅವನಿಗೆ ನಾಮಕರಣವಾಯಿತು. ತಂದೆ ಅನುಕೂಲಸ್ಥ ವ್ಯಾಪಾರಿ. ಪರದೆ, ಮೆತ್ತೆ, ಗೋಡೆಯ ತೂಗುಬಟ್ಟೆ, ಆಸನಗಳು, ಇವುಗಳನ್ನು ಸಿದ್ಧಪಡಿಸಿ ಮಾರುವುದು ಆ ಮನೆತನದ ಕಸಬು. 1631ರಲ್ಲಿ ತಂದೆಗೆ ಅರಮನೆಯಲ್ಲಿಯೇ ಈ ಕೆಲಸದ ಹುದ್ದೆಯೊಂದು ದೊರೆಯಿತು. ಅದು ತಂದೆಯ ನಂತರ ಮಗನಿಗೆ ಬರುವ ಹುದ್ದೆ. ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿ ತೀರಿಕೊಂಡಳು. ತಂದೆ ಮಗನನ್ನು ಜೆಸ್ಯೂಟ್ ಪಾದ್ರಿಗಳ ಹೆಸರಾಂತ ಶಾಲೆಗೆ ಸೇರಿಸಿದನು. ಅಲ್ಲಿ ಲ್ಯಾಟಿನ್ ಭಾಷೆಯ ಪಾಠವಾಯಿತು. ಹದಿನೈದನೆಯ ವಯಸ್ಸಿಗೆ ಅರಮನೆಯ ಹುದ್ದೆಗೆ ಉತ್ತರಾಧಿಕಾರಿಯೆಂದು ಹುಡುಗ ಪ್ರಮಾಣವನ್ನೂ ಮಾಡಿದನು. ತಂದೆಗೆ ಇದಕ್ಕಿಂತ ನೆಮ್ಮದಿ ಬೇರೇನು ಬೇಕು? ಅಂಗಡಿಯಿದೆ, ಅರಮನೆಯ ಸಂಬಂಧವಿದೆ, ಓದು ಬಂದಿದೆ. ಮಗನ ಬಾಳು ನೇರವಾದ ದಾರಿಯಲ್ಲಿ ಸಾಗುವುದೆಂದೇ ಅವನು ನಂಬಿದ್ದಿರಬೇಕು.

ಇಪ್ಪತ್ತೊಂದು ವರ್ಷ ತುಂಬುತ್ತಿದ್ದಂತೆ ಮಗ ಆ ಹುದ್ದೆಯ ಹಕ್ಕನ್ನು ಬಿಟ್ಟುಕೊಟ್ಟನು. ತಾಯಿಯ ಕಡೆಯಿಂದ ಬರಬೇಕಾಗಿದ್ದ ಹಣದಲ್ಲಿ ಒಂದು ಭಾಗವನ್ನು ತೆಗೆದುಕೊಂಡು 1643ರ ಜೂನ್ ತಿಂಗಳಲ್ಲಿ ನಾಟಕದವರ ಜೊತೆಗೆ ಕರಾರು ಬರೆದನು. ಆ ಗುಂಪಿನಲ್ಲಿ ಮಾದ್‌ಲೆನ್ ಬೆಝಾರ್ ಎಂಬ ಪ್ರತಿಭಾವಂತ ನಟಿ ಇದ್ದಳು, ಅವನಿಗಿಂತ ನಾಲ್ಕು ವರ್ಷ ಹಿರಿಯಳು, ಲೆಕ್ಕಪತ್ರದಲ್ಲಿಯೂ ಗಟ್ಟಿಗಿತ್ತಿ. ಮಂಡಲಿಗೆ ಅವರು ಇಟ್ಟ ಹೆಸರು ‘ಪ್ರಖ್ಯಾತ ನಾಟಕಶಾಲೆ’ ಎಂದು. ಹೆಸರು ಪ್ರಖ್ಯಾತವಾಗಿತ್ತೇ ಹೊರತು ಆಟಕ್ಕೆ ಜನವೇ ಬರಲಿಲ್ಲ. ಚೆಂಡಾಟದ ಹಜಾರವೊಂದನ್ನು ಬಾಡಿಗೆಗೆ ಹಿಡಿದು ರಂಗಮಂದಿರ ಮಾಡಿಕೊಂಡಿದ್ದರು. ಬಾಡಿಗೆ ಏರಿತು, ದೀಪದ ಬತ್ತಿಯವನ ಸಾಲ ಏರಿತು. ಎರಡೇ ವರ್ಷಗಳಲ್ಲಿ, 1645ರ ಆಗಸ್ಟ್ ತಿಂಗಳಲ್ಲಿ, ಸಾಲಗಾರರು ಮೊಲಿಯೇರನನ್ನು ಸೆರೆಮನೆಗೆ ಹಾಕಿಸಿದರು. ಅಷ್ಟು ಹೊತ್ತಿಗೆ ಅವನು ಈ ಹೊಸ ಹೆಸರನ್ನು ಇಟ್ಟುಕೊಂಡಿದ್ದನು. ಆ ಹೆಸರನ್ನು ಏಕೆ ಆರಿಸಿಕೊಂಡನೆಂಬುದನ್ನು ಅವನು ಯಾರಿಗೂ ಹೇಳಲಿಲ್ಲ.

ಸೆರೆಯಿಂದ ಬಿಡುಗಡೆಯಾದ ಮೇಲೆ ಅವನ ಮುಂದೆ ಎರಡು ದಾರಿಗಳಿದ್ದುವು. ತಂದೆಯ ಅಂಗಡಿಗೆ ಹಿಂದಿರುಗುವುದು ಒಂದು. ಇನ್ನೊಂದು, ಪ್ಯಾರಿಸ್ಸನ್ನು ಬಿಟ್ಟು ಹೊರಡುವುದು. ಅವನು ಹೊರಟನು. ಹೊರಟವನು ಪುನಃ ರಾಜಧಾನಿಯಲ್ಲಿ ನೆಲೆಸಿದ್ದು ಹದಿಮೂರು ವರ್ಷಗಳ ನಂತರ. ಆ ಅವಧಿಯಲ್ಲಿ ಅವನ ತಂಡ ದಕ್ಷಿಣ ಫ್ರಾನ್ಸಿನ ಊರೂರನ್ನು ಸುತ್ತಿತು. ಸಾಮಾನು ಹೇರಿದ ಗಾಡಿ, ಮಳೆ, ಕೆಟ್ಟ ರಸ್ತೆ, ಊರ ಅಧಿಕಾರಿಗಳ ಪರವಾನಗಿ, ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಜನ. ನಮ್ಮ ಕಂಪನಿಗಳ ಇತಿಹಾಸವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಂತಿ ಎಂಬ ರಾಜಕುಮಾರನು ಕೆಲವು ವರ್ಷ ಅವರಿಗೆ ಆಶ್ರಯವಿತ್ತನು. ಬಳಿಕ ಅವನಿಗೆ ಭಕ್ತಿಯ ಆವೇಶ ಬಂದಿತು. ತನ್ನ ಹೆಸರನ್ನು ನಟರು ಬಳಸಕೂಡದೆಂದು ಕೈಬಿಟ್ಟನು. ಅಷ್ಟಕ್ಕೇ ನಿಲ್ಲದೆ ನಾಟಕವೇ ಪಾಪವೆಂದು ಪುಸ್ತಕವನ್ನೂ ಬರೆದನು. ನಿನ್ನೆ ಬೆನ್ನು ತಟ್ಟಿದ ಕೈಯೇ ಇಂದು ಶಾಪ ಹಾಕಿದ್ದನ್ನು ಮೊಲಿಯೇರ್ ಮರೆತಿರಲಾರನು.

ಆದರೆ ಈ ಅಲೆದಾಟವೇ ಅವನಿಗೆ ನಿಜವಾದ ವಿದ್ಯಾಪೀಠವಾಯಿತು. ಇಟಲಿಯ ನಟರಿಂದ ಅವನು ಬಹಳ ಕಲಿತನು. ಆ ನಟರು ಮುಖವಾಡ ಧರಿಸಿ, ಕಥೆಯ ಹಂದರವನ್ನಷ್ಟೇ ಇಟ್ಟುಕೊಂಡು, ಮಾತನ್ನು ಆ ಹೊತ್ತಿಗೆ ಹುಟ್ಟಿಸಿಕೊಂಡು ಆಡುವವರು. ನಮ್ಮ ಯಕ್ಷಗಾನದ ಹಾಸ್ಯಗಾರನು ಆಶುವಾಗಿ ಮಾತು ಜೋಡಿಸುವುದನ್ನು ನೀವು ನೋಡಿರುವಿರಷ್ಟೆ. ಹೆಚ್ಚುಕಡಿಮೆ ಆ ಬಗೆಯ ವಿದ್ಯೆ. ಜಿಪುಣನಾದ ಮುದುಕ, ಬಡಾಯಿಕೋರ, ಪಂಡಿತಮಾನಿ, ಚುರುಕು ಬುದ್ಧಿಯ ಆಳು, ಇವು ಅವರ ಸಿದ್ಧ ವೇಷಗಳು. ಮೊಲಿಯೇರ್ ಇವನ್ನೆಲ್ಲ ತನ್ನದಾಗಿ ಮಾಡಿಕೊಂಡನು. 1655ರಲ್ಲಿ ಲಿಯೋನ್ ನಗರದಲ್ಲಿ ಅವನ ಮೊದಲ ದೊಡ್ಡ ಹಾಸ್ಯನಾಟಕ ರಂಗಕ್ಕೆ ಬಂದಿತು. ಅದರಲ್ಲಿ ಅವನದು ಯುಕ್ತಿವಂತ ಆಳಿನ ಪಾತ್ರ.

ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ಇಷ್ಟೆಲ್ಲ ನಗಿಸಿಯೂ ಅವನ ಮನಸ್ಸಿನ ಆಸೆ ಬೇರೆಯಾಗಿತ್ತು. ಗಂಭೀರ ನಾಟಕದ ವೀರಪಾತ್ರಗಳಲ್ಲಿ ಮೆರೆಯಬೇಕೆಂಬ ಹಂಬಲ ಅವನಿಗೆ. 1658ರ ಅಕ್ಟೋಬರ್ 24ರಂದು, ಲೂವ್ರ್ ಅರಮನೆಯ ಪಹರೆಯವರ ಹಜಾರದಲ್ಲಿ, ಇಪ್ಪತ್ತು ವರ್ಷದ ದೊರೆ ಹದಿನಾಲ್ಕನೆಯ ಲೂಯಿಯ ಎದುರಿಗೆ ಆಡುವ ಅವಕಾಶ ಒದಗಿದಾಗ, ತಂಡ ಆರಿಸಿಕೊಂಡುದು ಕೊರ್ನೇಯ್ ಮಹಾಕವಿಯ ಒಂದು ದುರಂತ ನಾಟಕವನ್ನು. ಸಭೆಯಲ್ಲಿ ರಾಜಧಾನಿಯ ಹೆಸರಾಂತ ನಟರೂ ಕುಳಿತಿದ್ದರು. ಗಂಭೀರ ಅಭಿನಯದಲ್ಲಿ ಅವರದು ಪಳಗಿದ ಕೈ. ಆಟ ಮುಗಿದಾಗ ದೊಡ್ಡ ಉತ್ಸಾಹವೇನೂ ಕಾಣಿಸಲಿಲ್ಲ. ಆಗ ಮೊಲಿಯೇರ್ ಮುಂದೆ ಬಂದು ಕೈಮುಗಿದು, ಹಳ್ಳಿಗಾಡಿನಲ್ಲಿ ತಾವು ಆಡುತ್ತಿದ್ದ ಒಂದು ಚಿಕ್ಕ ಪ್ರಹಸನವನ್ನು ತೋರಿಸಲು ಅಪ್ಪಣೆಯಾಗಬೇಕೆಂದು ಬಿನ್ನವಿಸಿದನು. ಪ್ರೇಮಕ್ಕೆ ಸಿಕ್ಕಿದ ವೈದ್ಯನೊಬ್ಬನ ಪ್ರಹಸನವದು. ದೊರೆ ಮನಸಾರೆ ನಕ್ಕನು. ಆ ಒಂದು ನಗೆಯಿಂದ ತಂಡಕ್ಕೆ ದೊರೆಯ ತಮ್ಮನ ಆಶ್ರಯ ದೊರೆಯಿತು; ಆಡಲು ಮಂದಿರವೂ ದೊರೆಯಿತು.

ಆ ಮಂದಿರದಲ್ಲಿ ಮೊದಲೇ ಇಟಲಿಯ ತಂಡವೊಂದು ಆಡುತ್ತಿತ್ತು. ಅದರ ನಾಯಕ ಸ್ಕಾರಮೂಷ್ ಎಂದು ಖ್ಯಾತನಾದ ತಿಬೇರಿಯೋ ಫಿಯೋರಿಲ್ಲಿ. ವಾರದ ಒಳ್ಳೆಯ ದಿನಗಳು ಅವರಿಗೆ, ಉಳಿದ ದಿನಗಳು ಮೊಲಿಯೇರನಿಗೆ ಎಂದು ಏರ್ಪಾಡಾಯಿತು. ಈ ನೆರೆಹೊರೆಯಿಂದ ಅವನಿಗೆ ನಷ್ಟವಾಗಲಿಲ್ಲ. ಸ್ಕಾರಮೂಷನ ಮೈಮಾಟವನ್ನೂ ಮುಖಭಾವಗಳನ್ನೂ ಅವನು ಹತ್ತಿರದಿಂದ ನೋಡಿ ಅಭ್ಯಾಸ ಮಾಡಿದನು. 1659ರ ನವೆಂಬರಿನಲ್ಲಿ ಅವನ ‘ನಗೆಗೀಡಾದ ನಾಜೂಕುಗಿತ್ತಿಯರು’ ಎನ್ನಬಹುದಾದ ಏಕಾಂಕ ಪ್ಯಾರಿಸ್ಸನ್ನು ಗೆದ್ದಿತು. ಅದು ಕೃತಕವಾದ ಮಾತು, ಕೃತಕವಾದ ನಯ, ಇವುಗಳ ಗೇಲಿ.

ಇಷ್ಟಾದರೂ ಹಳೆಯ ಹಂಬಲ ಬಿಡಲಿಲ್ಲ. 1661ರ ಆರಂಭದಲ್ಲಿ ಪಾಲೆ ರಾಯಲ್ ರಂಗಮಂದಿರ ಅವನ ತಂಡಕ್ಕೆ ದೊರೆತಾಗ, ಗಂಭೀರವಾದ ಶೃಂಗಾರವೀರ ನಾಟಕವೊಂದನ್ನು ಬರೆದು ನಾಯಕನ ಪಾತ್ರವನ್ನು ತಾನೇ ಮಾಡಿದನು. ಜನ ಒಪ್ಪಲಿಲ್ಲ, ಆಟ ಕೆಲವೇ ದಿನಗಳಲ್ಲಿ ನಿಂತುಹೋಯಿತು. ಕಾರಣ ಅವನ ದೇಹದಲ್ಲಿಯೇ ಇತ್ತು. ಅವನನ್ನು ಕಂಡಿದ್ದವರು ಬಿಟ್ಟುಹೋಗಿರುವ ವರ್ಣನೆಯ ಪ್ರಕಾರ ಅವನದು ದೊಡ್ಡ ಮೂಗು, ಅಗಲವಾದ ಬಾಯಿ, ದಪ್ಪ ತುಟಿ, ಕಪ್ಪಗೆ ದಟ್ಟವಾದ ಹುಬ್ಬು. ಆ ಹುಬ್ಬುಗಳನ್ನು ಅವನು ಆಡಿಸಿದರೆ ಸಾಕು, ನೋಡಿದವರಿಗೆ ನಗೆ ಬರುತ್ತಿತ್ತು. ದನಿಯೂ ವೀರರಸಕ್ಕೆ ಒಗ್ಗುವಂಥದಲ್ಲ, ಮಾತು ಅವಸರದ್ದು, ಅದನ್ನು ಹತೋಟಿಗೆ ತರುವ ಪ್ರಯತ್ನದಲ್ಲಿ ಬಿಕ್ಕಳಿಕೆಯಂಥ ಒಂದು ಅಭ್ಯಾಸ ಅಂಟಿಕೊಂಡಿತ್ತು. ಕಿರೀಟಕ್ಕೆ ಹೊಂದದ ಈ ಮುಖ, ಈ ದನಿ, ಹಾಸ್ಯಕ್ಕೆ ಕಡವರದಂತಿದ್ದುವು. ತನ್ನ ಆಸೆ ಒಂದು ಕಡೆ, ತನ್ನ ದೇಹದ ಧರ್ಮ ಇನ್ನೊಂದು ಕಡೆ ಎಳೆದಾಗ, ಅವನು ಬುದ್ಧಿವಂತನಾಗಿ ದೇಹದ ಮಾತನ್ನು ಕೇಳಿದನು. ಆ ಬಳಿಕ ಅವನು ಹಾಸ್ಯದೊಳಕ್ಕೇ ಗಾಂಭೀರ್ಯವನ್ನು ತಂದನು.

ಅದು ಹೇಗೆಂಬುದನ್ನು ನೋಡಿ. ಮೊದಮೊದಲು ಅವನು ಧರಿಸುತ್ತಿದ್ದುದು ಎಲ್ಲರನ್ನೂ ಮೋಸಗೊಳಿಸುವ ಜಾಣ ಆಳಿನ ವೇಷ. ಕಾಲ ಕಳೆದಂತೆ ಅವನು ಹೆಚ್ಚಾಗಿ ತನಗೆ ಇಟ್ಟುಕೊಂಡುದು ಮೋಸಹೋಗುವ ಯಜಮಾನನ ಪಾತ್ರವನ್ನು. 1662ರ ಡಿಸೆಂಬರಿನಲ್ಲಿ ಬಂದ ‘ಹೆಂಡಂದಿರ ಪಾಠಶಾಲೆ’ಯಲ್ಲಿ ಆರ್ನೊಲ್ಫ್ ಎಂಬ ನಡುವಯಸ್ಸಿನವನು, ಏನೂ ಅರಿಯದ ಹುಡುಗಿಯನ್ನು ಸಾಕಿ ಬೆಳೆಸಿ ಮದುವೆಯಾದರೆ ಅವಳು ತನಗೆ ವಿಧೇಯಳಾಗಿರುವಳೆಂದು ಲೆಕ್ಕ ಹಾಕುತ್ತಾನೆ. ಹುಡುಗಿ ಒಬ್ಬ ತರುಣನಿಗೆ ಮನಸೋಲುತ್ತಾಳೆ. ಆ ತರುಣನಾದರೋ, ಆರ್ನೊಲ್ಫ್ ಯಾರೆಂಬುದನ್ನು ತಿಳಿಯದೆ, ತನ್ನ ಗುಟ್ಟನ್ನೆಲ್ಲ ಅವನ ಕಿವಿಯಲ್ಲಿಯೇ ಹೇಳುತ್ತಾನೆ. ನಾವು ನಗುತ್ತೇವೆ, ಆದರೆ ಕೊನೆಯ ಭಾಗದಲ್ಲಿ ಅವನ ಸಂಕಟ ನಿಜವಾದದ್ದು. ಆ ಪಾತ್ರವನ್ನು ಮಾಡಿದವನು ಮೊಲಿಯೇರ್. ಅದೇ ವರ್ಷ ಫೆಬ್ರವರಿಯಲ್ಲಿ, ನಲವತ್ತು ವರ್ಷದ ಅವನು, ತನಗಿಂತ ಬಹಳ ಕಿರಿಯಳಾದ ಆರ್ಮಾಂದ್ ಬೆಝಾರಳನ್ನು ಮದುವೆಯಾಗಿದ್ದನು. ಹೊಸ ಮದುಮಗನೇ ಮುದಿ ವರನನ್ನು ಗೇಲಿಮಾಡುವ ಆಟ ಬರೆದು, ಗೇಲಿಗೆ ತನ್ನ ಮುಖವನ್ನೇ ಒಡ್ಡಿದನು.

ವೈರಿಗಳು ಸುಮ್ಮನಿರಲಿಲ್ಲ. ನಾಟಕ ಅಶ್ಲೀಲವೆಂದರು, ಧರ್ಮನಿಂದೆಯೆಂದರು. ಸ್ಪರ್ಧೆಯ ತಂಡದ ನಟನೊಬ್ಬನು ಅವನ ಮದುವೆಯ ವಿಷಯದಲ್ಲಿ ಬಾಯಿಗೆ ತರಬಾರದ ಆಪಾದನೆ ಹೊರಿಸಿ ದೊರೆಗೆ ಅರ್ಜಿ ಬರೆದನು. ದೊರೆ ಅದಕ್ಕೆ ಮಾತಿನಲ್ಲಿ ಉತ್ತರ ಕೊಡಲಿಲ್ಲ. 1664ರಲ್ಲಿ ಮೊಲಿಯೇರನ ಮೊದಲ ಮಗುವಿಗೆ ತಾನೇ ಧರ್ಮಪಿತನಾದನು. ಮೊಲಿಯೇರ್ ತನ್ನ ಉತ್ತರವನ್ನು ರಂಗದ ಮೇಲೆಯೇ ಕೊಟ್ಟನು. ಟೀಕಾಕಾರರನ್ನೇ ಪಾತ್ರಗಳನ್ನಾಗಿ ಮಾಡಿ ಒಂದು ಪುಟ್ಟ ನಾಟಕ ಬರೆದನು. ವೀರರನ್ನು ಚಿತ್ರಿಸುವಾಗ ಕಲ್ಪನೆಯನ್ನು ಹೇಗೆ ಬೇಕಾದರೂ ಹಾರಲು ಬಿಡಬಹುದು, ಆದರೆ ಸಾಮಾನ್ಯ ಮನುಷ್ಯರನ್ನು ಚಿತ್ರಿಸುವಾಗ ಅದು ನೋಡುವವರಿಗೆ ಗುರುತು ಸಿಕ್ಕುವಂತಿರಬೇಕು, ಆದುದರಿಂದ ಯೋಗ್ಯರನ್ನು ನಗಿಸುವುದು ಸುಲಭವಾದ ಕೆಲಸವಲ್ಲ ಎಂಬುದು ಅಲ್ಲಿ ಅವನ ವಾದದ ತಿರುಳು. ಹಾಸ್ಯಗಾರನ ಪರವಾಗಿ ಮಂಡಿಸಿದ ಇಷ್ಟು ಸಮರ್ಥವಾದ ವಕಾಲತ್ತು ಅಪರೂಪ.

ಇದು ಸಣ್ಣ ಜಗಳ. ದೊಡ್ಡ ಯುದ್ಧ ‘ತಾರ್ತುಫ್’ ನಾಟಕದಿಂದ ಆರಂಭವಾಯಿತು. ಓರ್ಗೋನ್ ಎಂಬ ಗೃಹಸ್ಥನು ತಾರ್ತುಫ್ ಎಂಬ ಕಪಟ ಭಕ್ತನನ್ನು ಮನೆಗೆ ತಂದಿಟ್ಟುಕೊಳ್ಳುತ್ತಾನೆ. ಅವನ ಜಪತಪಕ್ಕೆ ಮರುಳಾಗಿ ಮಗಳನ್ನು ಕೊಡಲು ಹೊರಡುತ್ತಾನೆ, ಮಗನನ್ನು ಮನೆಯಿಂದಟ್ಟುತ್ತಾನೆ, ಆಸ್ತಿಯನ್ನು ಬರೆದುಕೊಡುತ್ತಾನೆ. ಅತ್ತ ಆ ಭಕ್ತಶಿಖಾಮಣಿಯ ಕಣ್ಣು ಗೃಹಿಣಿಯ ಮೇಲೆ. ಕೊನೆಗೆ ಗೃಹಿಣಿಯೇ ಗಂಡನನ್ನು ಮೇಜಿನ ಕೆಳಗೆ ಬಚ್ಚಿಟ್ಟು ನಿಜವನ್ನು ಕೇಳಿಸಬೇಕಾಗುತ್ತದೆ. ಪಂಚತಂತ್ರದ ಆಷಾಢಭೂತಿಯ ಕಥೆಯನ್ನು ನೀವು ಬಲ್ಲಿರಿ: ಶಿಷ್ಯನ ವೇಷ ಹಾಕಿ, ಭಯಭಕ್ತಿ ನಟಿಸಿ, ಸನ್ಯಾಸಿಯ ಹಣವನ್ನು ಲಪಟಾಯಿಸಿದವನು. ಅವನ ಹೆಸರು ನಮ್ಮಲ್ಲಿ ಕಪಟಕ್ಕೇ ಹೆಸರಾಯಿತು. ಫ್ರೆಂಚರಲ್ಲಿ ತಾರ್ತುಫನ ಹೆಸರೂ ಹಾಗೆಯೇ ಮಾತಿನಲ್ಲಿ ಸೇರಿಹೋಯಿತು. ಎ. ಎನ್. ಮೂರ್ತಿರಾಯರು ಈ ನಾಟಕವನ್ನು ಕನ್ನಡಕ್ಕೆ ಅಳವಡಿಸಿದಾಗ ‘ಆಷಾಢಭೂತಿ’ ಎಂದು ಹೆಸರಿಟ್ಟುದು ಎಷ್ಟು ಸಹಜವಾಗಿದೆ ನೋಡಿ!

1664ರ ಮೇ 12ರಂದು ವರ್ಸೇಲ್ಸಿನ ಅರಮನೆಯ ಉತ್ಸವದಲ್ಲಿ ಇದರ ಮೂರು ಅಂಕಗಳ ರೂಪವನ್ನು ಆಡಿದರು. ದೊರೆಗೆ ಇಷ್ಟವಾಗಿರಬಹುದು, ಆದರೆ ಧರ್ಮಾಧಿಕಾರಿಗಳ ಒತ್ತಾಯಕ್ಕೆ ಕಟ್ಟುಬಿದ್ದು, ಸಾರ್ವಜನಿಕವಾಗಿ ಆಡಕೂಡದೆಂದು ಅವನು ಆಜ್ಞೆ ಮಾಡಿದನು. ಒಬ್ಬ ಪಾದ್ರಿಯಂತೂ ಮೊಲಿಯೇರನನ್ನು ಮನುಷ್ಯರೂಪದ ಪಿಶಾಚಿಯೆಂದು ಕರೆದು, ಬೆಂಕಿಯಲ್ಲಿ ಸುಡುವುದೇ ಅವನಿಗೆ ತಕ್ಕ ಶಿಕ್ಷೆಯೆಂದು ಬರೆದನು. ಮರುವರ್ಷ ಬರೆದ ‘ದೋಂ ಝುವಾನ್’ ಹದಿನೈದು ಆಟಗಳಾದ ಮೇಲೆ ಕಾಣೆಯಾಯಿತು. ಅವನು ಬದುಕಿರುವವರೆಗೆ ಅದು ಅಚ್ಚೂ ಆಗಲಿಲ್ಲ. 1667ರ ಆಗಸ್ಟ್ 5ರಂದು, ಹೆಸರನ್ನೂ ಕೆಲವು ವಿವರಗಳನ್ನೂ ಬದಲಾಯಿಸಿ ‘ತಾರ್ತುಫ್’ ನಾಟಕವನ್ನು ರಂಗಕ್ಕೆ ತಂದನು. ದೊರೆ ಆಗ ಯುದ್ಧಭೂಮಿಯಲ್ಲಿದ್ದನು. ಮಾರನೆಯ ದಿನವೇ ಪ್ಯಾರಿಸ್ಸಿನ ನ್ಯಾಯಪೀಠದ ಅಧ್ಯಕ್ಷನು ಆಟವನ್ನು ನಿಲ್ಲಿಸಿದನು. ಒಂದು ವಾರದೊಳಗೆ ಆರ್ಚ್‌ಬಿಷಪ್ಪನು, ಈ ನಾಟಕವನ್ನು ಆಡಿದವರು, ಓದಿದವರು, ಓದಿಸಿ ಕೇಳಿದವರು ಎಲ್ಲರಿಗೂ ಬಹಿಷ್ಕಾರವೆಂದು ಸಾರಿದನು. ಮೊಲಿಯೇರ್ ಇಬ್ಬರು ನಟರನ್ನು ಅರ್ಜಿಯೊಂದಿಗೆ ಲೀಲ್ ಪಟ್ಟಣದ ಮುತ್ತಿಗೆಯಲ್ಲಿದ್ದ ದೊರೆಯ ಪಾಳೆಯಕ್ಕೆ ಓಡಿಸಿದನು. ಆದರೂ ಅಪ್ಪಣೆ ದೊರೆಯಲಿಲ್ಲ.

ಕೊನೆಗೆ 1669ರ ಫೆಬ್ರವರಿ 5ರಂದು ನಿಷೇಧ ತೆರವಾಯಿತು. ಅಂದು ಪಾಲೆ ರಾಯಲಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ; ವಸೂಲಾದ ಹಣ 2860 ಲಿವ್ರ್. ತಂಡದಲ್ಲಿ ಲಾ ಗ್ರಾಂಝ್ ಎಂಬ ನಿಷ್ಠಾವಂತ ನಟನಿದ್ದನು. ದಿನದಿನದ ಆಟ, ವಸೂಲು, ಪ್ರತಿಯೊಬ್ಬನ ಪಾಲು, ಸಾವು, ಮದುವೆ, ಎಲ್ಲವನ್ನೂ ಅವನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟನು. ಇಂದು ನಾವು ಮೊಲಿಯೇರನ ವೃತ್ತಿಜೀವನವನ್ನು ದಿನಾಂಕಸಹಿತ ಹೇಳಬಲ್ಲೆವಾದರೆ ಅದಕ್ಕೆ ಆ ಪುಸ್ತಕ ಮುಖ್ಯ ಕಾರಣ. ನಮ್ಮ ಕಂಪನಿಗಳಲ್ಲಿಯೂ ಒಬ್ಬೊಬ್ಬ ಲಾ ಗ್ರಾಂಝ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ.

ಐದು ವರ್ಷದ ಈ ಹೋರಾಟದಲ್ಲಿ ಪಣವಾಗಿದ್ದುದೇನು? ಧರ್ಮದ ಹೆಸರಿನಲ್ಲಿ ನಡೆಯುವ ಮೋಸವನ್ನು ನಗೆಯಿಂದ ಮುಟ್ಟಬಹುದೆ, ಕೂಡದೆ ಎಂಬ ಪ್ರಶ್ನೆ. ಅದನ್ನು ಖಂಡಿಸುವ ಅಧಿಕಾರ ಪೀಠದ್ದೇ ಹೊರತು ನಾಟಕದವನದಲ್ಲ ಎಂದು ಅವನ ವಿರೋಧಿಗಳು ಹೇಳಿದರು. ಜನ ಬೈಗುಳನ್ನು ಸಹಿಸಿಯಾರು, ನಗೆಪಾಟಲನ್ನು ಸಹಿಸರು. ಆದುದರಿಂದ ದೋಷವನ್ನು ತಿದ್ದಲು ನಗೆಯೇ ಮದ್ದು ಎಂದು ಅವನು ವಾದಿಸಿದನು. ವಚನಕಾರರನ್ನೂ ದಾಸರನ್ನೂ ಸರ್ವಜ್ಞನನ್ನೂ ಓದಿದ ನಮಗೆ ಡಂಭದ ಭಕ್ತಿಯನ್ನು ಹಾಸ್ಯಮಾಡುವುದು ಹೊಸದೇನಲ್ಲ. ಆದರೆ ಅವರು ಭಕ್ತರಾಗಿದ್ದರು. ಸ್ವತಃ ಆ ಮನೆಯವರು. ಮೊಲಿಯೇರನಾದರೋ, ಸಮಾಜ ಪಾಪಿಗಳ ಸಾಲಿನಲ್ಲಿ ನಿಲ್ಲಿಸಿದ್ದ ಒಬ್ಬ ನಟ. ಅವನು ಬಾಯಿ ತೆರೆದುದೇ ಉದ್ಧಟತನವೆನಿಸಿತು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಆ ನಾಟಕದಲ್ಲಿ ಅವನು ತಾರ್ತುಫನ ವೇಷ ಹಾಕಲಿಲ್ಲ. ಅವನು ಹಾಕಿದ್ದು ನಂಬಿ ಕೆಟ್ಟ ಓರ್ಗೋನನ ವೇಷವನ್ನು. ಮೋಸಗಾರನಿಗಿಂತ ಮೋಸಹೋಗುವ ಮನಸ್ಸಿನ ಕಡೆಗೇ ಅವನ ಕುತೂಹಲ ಹೆಚ್ಚಾಗಿದ್ದಿತು.

1666ರಿಂದ 1672ರವರೆಗಿನ ಅವಧಿ ಅವನ ಪ್ರತಿಭೆಯ ಸುಗ್ಗಿ. ‘ಮನುಷ್ಯದ್ವೇಷಿ’ಯಲ್ಲಿ ಸತ್ಯವನ್ನೇ ಹೇಳುವೆನೆಂದು ಹಠ ಹಿಡಿದು ನಗೆಗೀಡಾಗುವ ಆಲ್ಸೆಸ್ತ್, ‘ಜಿಪುಣ’ನಲ್ಲಿ ಹಣದ ಪೆಟ್ಟಿಗೆಯನ್ನು ಕಳೆದುಕೊಂಡು ತನ್ನ ಕೈಯನ್ನೇ ಕಳ್ಳನೆಂದು ಹಿಡಿಯುವ ಆರ್ಪಗೋನ್, ‘ಕುಲೀನನಾಗಹೊರಟ ವರ್ತಕ’ನಲ್ಲಿ ದೊಡ್ಡಮನುಷ್ಯನಾಗಬೇಕೆಂದು ನೃತ್ಯ, ಸಂಗೀತ, ಕತ್ತಿವರಸೆ, ತತ್ತ್ವಶಾಸ್ತ್ರಗಳಿಗೆ ಒಟ್ಟಿಗೇ ಉಪಾಧ್ಯಾಯರನ್ನಿಟ್ಟುಕೊಳ್ಳುವ ಸಾಹುಕಾರ, ಎಲ್ಲವನ್ನೂ ಬರೆದವನು ಅವನು, ಎಲ್ಲವನ್ನೂ ಧರಿಸಿದವನೂ ಅವನು. ಬರೆಯುವಾಗ ಅವನ ಕಣ್ಣೆದುರಿಗೆ ತಂಡದ ಒಬ್ಬೊಬ್ಬ ನಟನ ದೇಹವೂ ಇರುತ್ತಿತ್ತು. ಮಾದ್‌ಲೆನಳ ತಮ್ಮ ಲೂಯಿ ಬೆಝಾರ್ ಕುಂಟುತ್ತಿದ್ದನು. ‘ಜಿಪುಣ’ದಲ್ಲಿ ಅವನ ಪಾತ್ರವನ್ನು ಕುಂಟನೆಂದೇ ಬರೆದನು. ತನಗೆ ಎದೆಯ ಬೇನೆ, ಬಿಡದ ಕೆಮ್ಮು. ಆರ್ಪಗೋನನಿಗೂ ಕೆಮ್ಮು ಕೊಟ್ಟನು. ಕೆಮ್ಮುವುದೂ ತಮಗೆ ಒಪ್ಪುತ್ತದೆಯೆಂದು ಒಬ್ಬ ಹೆಂಗಸು ಆ ಮುದುಕನನ್ನು ಹೊಗಳುವ ಸಂದರ್ಭವನ್ನೂ ಹೆಣೆದನು. ಜನ ನಕ್ಕರು. ಆ ಕೆಮ್ಮು ನಟನೆಯಲ್ಲವೆಂಬುದನ್ನು ಬಲ್ಲವರು ತಂಡದಲ್ಲಿದ್ದರು.

ವೈದ್ಯರನ್ನಂತೂ ಅವನು ಮೊದಲಿನಿಂದಲೂ ಬಿಟ್ಟವನಲ್ಲ. ರಕ್ತ ದೇಹದಲ್ಲಿ ಸುತ್ತುತ್ತದೆಂದು ಇಂಗ್ಲೆಂಡಿನ ಹಾರ್ವೆ 1628ರಲ್ಲಿಯೇ ತೋರಿಸಿಕೊಟ್ಟಿದ್ದನು. ಅದಾಗಿ ನಲವತ್ತು ವರ್ಷವಾದರೂ ಪ್ಯಾರಿಸ್ಸಿನ ಪಂಡಿತ ವೈದ್ಯರಲ್ಲಿ ಅದನ್ನು ಒಪ್ಪದವರಿದ್ದರು. ರಕ್ತ ತೆಗೆಯುವುದು, ಬೇಧಿ ಮಾಡಿಸುವುದು, ಲ್ಯಾಟಿನ್ ಮಾತನಾಡುವುದು, ಇದೇ ಅವರ ಚಿಕಿತ್ಸೆ. 1673ರ ಫೆಬ್ರವರಿ 10ರಂದು ರಂಗಕ್ಕೆ ಬಂದ ‘ಕಲ್ಪನಾರೋಗಿ’ ನಾಟಕದಲ್ಲಿ ಅವನು ಇವರನ್ನೆಲ್ಲ ಮೆರವಣಿಗೆ ಮಾಡಿಸಿದನು. ಅದರ ನಾಯಕ ಆರ್ಗಾನ್, ಮೈ ಗಟ್ಟಿಯಾಗಿದ್ದರೂ ತಾನು ರೋಗಿಯೆಂದು ನಂಬಿ ಕುರ್ಚಿಗೆ ಅಂಟಿಕೊಂಡವನು. ಆ ಪಾತ್ರವನ್ನು ಧರಿಸಿದವನು ನಿಜವಾಗಿಯೂ ಸಾಯುತ್ತಿದ್ದ ಮೊಲಿಯೇರ್.

ಫೆಬ್ರವರಿ 17 ನಾಲ್ಕನೆಯ ಆಟ. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ದಿನ ಮಾದ್‌ಲೆನ್ ಬೆಝಾರ್ ತೀರಿಕೊಂಡಿದ್ದಳು. ಅಂದು ಅವನಿಗೆ ಬಹಳ ಆಯಾಸವಾಗಿತ್ತು. ಹೆಂಡತಿಯೂ ಶಿಷ್ಯನಾದ ಬಾರೋನನೂ ಆಟ ನಿಲ್ಲಿಸಬೇಕೆಂದು ಬೇಡಿಕೊಂಡರೆಂದೂ, ದಿನಗೂಲಿಯನ್ನೇ ನಂಬಿದ ಐವತ್ತು ಮಂದಿ ಕೆಲಸಗಾರರ ಅನ್ನವನ್ನು ತಾನು ಕಳೆಯಲಾರೆನೆಂದು ಅವನು ಹೇಳಿದನೆಂದೂ ಅವನ ಮೊದಲ ಚರಿತ್ರಕಾರನು ಬರೆದಿದ್ದಾನೆ. ಆಟ ನಡೆಯಿತು. ಕೊನೆಯಲ್ಲಿ ಆರ್ಗಾನನನ್ನೇ ವೈದ್ಯನನ್ನಾಗಿ ಮಾಡುವ ವಿನೋದದ ಸಮಾರಂಭವೊಂದಿದೆ. ಅಲ್ಲಿ ಪ್ರಮಾಣವಚನ ಹೇಳುವಾಗ ಅವನಿಗೆ ಸೆಳವು ಬಂದಿತು. ಅದನ್ನು ನಗೆಯಾಗಿ ತಿರುಗಿಸಿ ಮುಚ್ಚಿಕೊಂಡು ಆಟ ಮುಗಿಸಿದನು. ಮನೆಗೆ ಹೊತ್ತು ತಂದರು. ಕೆಮ್ಮಿನೊಡನೆ ರಕ್ತ ಬಂದಿತು. ಅಂತಿಮ ಸಂಸ್ಕಾರಕ್ಕೆಂದು ಕರೆಕಳುಹಿಸಿದಾಗ ಇಬ್ಬರು ಪಾದ್ರಿಗಳು ಬರಲೊಪ್ಪಲಿಲ್ಲ. ಮೂರನೆಯವನು ಬರುವ ಹೊತ್ತಿಗೆ ಜೀವ ಹೋಗಿತ್ತು. ಕೊನೆಗಳಿಗೆಯಲ್ಲಿ ಬಳಿಯಲ್ಲಿದ್ದವರು, ಆ ಮನೆಯಲ್ಲಿ ಇಳಿದುಕೊಂಡಿದ್ದ ಇಬ್ಬರು ಸನ್ಯಾಸಿನಿಯರು. ಅವನಿಗೆ ಆಗ ಐವತ್ತೊಂದು ವರ್ಷ.

ನಟನಾದವನು ಸಾಯುವ ಮೊದಲು ತನ್ನ ವೃತ್ತಿಯನ್ನು ತ್ಯಜಿಸಿದೆನೆಂದು ಹೇಳಿಕೊಟ್ಟರೆ ಮಾತ್ರ ಪವಿತ್ರಭೂಮಿಯಲ್ಲಿ ಅವನಿಗೆ ಜಾಗ. ಮಾದ್‌ಲೆನ್ ಹಾಗೆ ಬರೆದುಕೊಟ್ಟಿದ್ದಳು. ಮೊಲಿಯೇರನಿಗೆ ಅದಕ್ಕೆ ಅವಕಾಶವೇ ಆಗಲಿಲ್ಲ. ರಂಗದಿಂದ ನೇರವಾಗಿ ಸಾವಿಗೆ ನಡೆದಿದ್ದನು. ಆರ್ಮಾಂದ್ ಆರ್ಚ್‌ಬಿಷಪ್ಪನಿಗೆ ಅರ್ಜಿ ಬರೆದಳು, ದೊರೆಯ ಬಳಿಗೆ ಹೋಗಿ ಬೇಡಿದಳು. ಇಬ್ಬರು ಪಾದ್ರಿಗಳಿಗಿಂತ ಹೆಚ್ಚಿರಕೂಡದು, ಹಗಲಿನಲ್ಲಿ ಆಗಕೂಡದು, ವಿಧಿಪೂರ್ವಕವಾದ ಆರಾಧನೆ ನಡೆಯಕೂಡದು ಎಂಬ ಕಟ್ಟಳೆಯ ಮೇಲೆ ಅನುಮತಿ ದೊರೆಯಿತು. ಫೆಬ್ರವರಿ 21ರ ರಾತ್ರಿ ಒಂಬತ್ತರ ಮೇಲೆ, ಸಂತ ಜೋಸೆಫನ ಸ್ಮಶಾನಕ್ಕೆ ಅವನ ಮೆರವಣಿಗೆ ಹೊರಟಿತು. ಜೊತೆಯಲ್ಲಿ ಪಂಜು ಹಿಡಿದ ಜನ ಬಹಳವಿದ್ದರು.

ಮೂರು ದಿನ ಬಿಟ್ಟು, 24ರಂದು, ಅವನ ತಂಡ ಮತ್ತೆ ಬಾಗಿಲು ತೆರೆದು ‘ಮನುಷ್ಯದ್ವೇಷಿ’ಯನ್ನು ಆಡಿತು. ಇದನ್ನು ಕಲ್ಲೆದೆಯೆನ್ನಬೇಡಿ, ಐವತ್ತು ಮಂದಿಯ ಅನ್ನದ ಪ್ರಶ್ನೆ ಇನ್ನೂ ಹಾಗೆಯೇ ಇದ್ದಿತು. ಕೆಲವೇ ವಾರಗಳಲ್ಲಿ ಅವರ ಮಂದಿರವನ್ನು ಕಿತ್ತುಕೊಂಡು ಸಂಗೀತಗಾರ ಲುಲ್ಲಿಗೆ ಕೊಡಲಾಯಿತು. ಆರ್ಮಾಂದಳೂ ಲಾ ಗ್ರಾಂಝನೂ ಧೃತಿಗೆಡದೆ ಬೇರೆ ಮಂದಿರ ಹುಡುಕಿದರು, ಇನ್ನೊಂದು ತಂಡವನ್ನು ಕೂಡಿಸಿಕೊಂಡರು. 1680ರಲ್ಲಿ ದೊರೆಯ ಆಜ್ಞೆಯಿಂದ ಮತ್ತೊಂದು ತಂಡವೂ ಸೇರಿ ‘ಕಾಮೆದಿ ಫ್ರಾಂಸೇಸ್’ ಹುಟ್ಟಿತು. ಅದು ಇಂದಿಗೂ ನಡೆಯುತ್ತಿರುವ ರಾಷ್ಟ್ರೀಯ ರಂಗಸಂಸ್ಥೆ. ಜನ ಅದನ್ನು ‘ಮೊಲಿಯೇರನ ಮನೆ’ ಎನ್ನುತ್ತಾರೆ. ಅವನು ಆರ್ಗಾನನಾಗಿ ಕುಳಿತಿದ್ದುದೆಂದು ಹೇಳಲಾಗುವ ಕುರ್ಚಿಯನ್ನು ಅಲ್ಲಿ ಕಾಪಾಡಿದ್ದಾರೆ. 2022ರಲ್ಲಿ ಅವನ ನಾಲ್ಕುನೂರನೆಯ ವರ್ಷದ ಉತ್ಸವವನ್ನು ಅದೇ ಸಂಸ್ಥೆ ಆರಂಭಿಸಿದ್ದು ‘ತಾರ್ತುಫ್’ ನಾಟಕದಿಂದ. 1664ರಲ್ಲಿ ನಿಷೇಧಿಸಿದ ಮೂರು ಅಂಕಗಳ ರೂಪವನ್ನು ವಿದ್ವಾಂಸರು ಊಹಿಸಿ ಕಟ್ಟಿಕೊಟ್ಟಿದ್ದರು, ಅದನ್ನೇ ಆಡಿದರು.

ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ತಾವೇ ಬರೆದು, ತಾವೇ ಬಣ್ಣ ಹಚ್ಚಿ, ಅಧಿಕಾರದಲ್ಲಿದ್ದವರು ಮುಂದಿನ ಸಾಲಿನಲ್ಲಿ ಕುಳಿತಿದ್ದರೂ ಅಳುಕದೆ ಮಾತಾಡಿದವರು ಅವರು. ಅಂಥ ನಟರನ್ನು ಕಂಡವರಿಗೆ ಮೊಲಿಯೇರ್ ಪರಕೀಯನಾಗಿ ಕಾಣಿಸಲಾರನು. ಮುಂದೆ ಎಂದಾದರೂ ರಂಗದ ಮೇಲೋ ಬಾನುಲಿಯಲ್ಲೋ ಅವನ ಜಿಪುಣನನ್ನೋ ಆಷಾಢಭೂತಿಯನ್ನೋ ಎದುರುಗೊಂಡಾಗ ನೀವು ಸಂಕೋಚವಿಲ್ಲದೆ ನಗಿರಿ. ಅವನು ದುಡಿದದ್ದು ಅದಕ್ಕಾಗಿಯೇ. ನಕ್ಕಾದ ಮೇಲೆ ಒಂದು ಗಳಿಗೆ, ಆ ಮುದುಕ ಕೆಮ್ಮುವ ಕಡೆ ಕಿವಿಗೊಟ್ಟು ಕೇಳಿರಿ. ಅಲ್ಲಿ ಕೆಮ್ಮುತ್ತಿರುವವನು ಆ ಮಾತುಗಳನ್ನು ಬರೆದವನೇ.